ಸೊಂಟದ ಒರೆ

ಸೆಪ್ಟೆಂಬರ್ 4, ಬುಧವಾರ. ಬೆಳಿಗ್ಗೆ

ಕಾಫಿ ಇಟ್ಟೆ. ಕೋಳಿಗಳಿಗೆ ನೀರು ಹಾಕಿದೆ. ಮೊಟ್ಟೆ ಹೆಕ್ಕಲು ಬಗ್ಗಿದಾಗ ಪಿಸ್ತೂಲಿನ ಹಿಡಿ ಪಕ್ಕೆಲುಬಿಗೆ ಒತ್ತಿತು. ಎದ್ದು ನಿಂತರೆ ಜಾರಿ ತೊಡೆಯ ಕಡೆಗೆ ಇಳಿಯಿತು. ಬುಟ್ಟಿ ಕೆಳಗಿಟ್ಟು, ಪ್ಯಾಂಟಿನೊಳಗೆ ಕೈಹಾಕಿ, ಮೇಲಕ್ಕೆಳೆದುಕೊಂಡೆ. ನೋಡುವುದಕ್ಕೆ ಇಲ್ಲಿ ಯಾರಿದ್ದಾರೆ... ಆದರೂ ನಾಚಿಕೆಯಾಯಿತು.

ಈ ಎಲಾಸ್ಟಿಕ್ ಪಟ್ಟಿ ಆಗಿಬರುವುದಿಲ್ಲ. ಬಾಣಂತಿಯರು ಹೊಟ್ಟೆಗೆ ಬಿಗಿದುಕೊಳ್ಳುವಂಥದ್ದು, ಅದಕ್ಕೊಂದು ಜೇಬು, ಜೇಬಿನಲ್ಲಿ ಪಿಸ್ತೂಲು. ಬೆವರಿಗೆ ಚರ್ಮವೆಲ್ಲ ಕೆಂಪಗಾಗಿದೆ. ಪೌಡರ್ ಹಾಕಿದೆ. ಬೆಳಿಗ್ಗೆ ಕಟ್ಟಿಕೊಂಡದ್ದನ್ನು ಮಧ್ಯಾಹ್ನದ ಹೊತ್ತಿಗೆ ಬಿಚ್ಚಿ ಎಸೆಯೋಣ ಅನ್ನಿಸುತ್ತದೆ. ಬಿಚ್ಚಬಾರದು. ಬಿಚ್ಚದೆ ಇರಬಹುದಾದ ಒರೆಯೊಂದನ್ನು ಹುಡುಕಬೇಕು.

ನನ್ನ ಗಂಡ ರಾಯ್ಸ್ ಕಾಫಿ ಕುಡಿದ. ಮೊಟ್ಟೆ ಅರ್ಧ ಬಿಟ್ಟ. ಕಿಟಕಿಯ ಹತ್ತಿರ ಕುರ್ಚಿ ಎಳೆದುಕೊಂಡು ಕೂತ. ಅಲ್ಲಿಂದ ರೈತರ ಸೊಸೈಟಿಯ ಕಣಜ, ಅವನು ಕೆಲಸ ಮಾಡುತ್ತಿದ್ದ ಆ ಗೋಧಿಯ ಗೋಪುರ, ಕಾಣುತ್ತದೆ. ಈ ಬಯಲಿನಲ್ಲಿ ಅದು ಎಲ್ಲಿಂದ ತಾನೇ ಕಾಣುವುದಿಲ್ಲ. ನಿನ್ನೆ ಕುರ್ಚಿಯನ್ನು ಒಲೆಯ ಕಡೆಗೆ ತಿರುಗಿಸಿಟ್ಟಿದ್ದೆ. ಸುಮ್ಮನೆ ಎದ್ದು ಮತ್ತೆ ಮೊದಲಿನಂತೆಯೇ ತಿರುಗಿಸಿಕೊಂಡ.

ಅದೇ ದಿನ, ಪ್ರಾರ್ಥನಾ ಕೂಟದಿಂದ ಬಂದು

ಒಬ್ಬಳೇ ಹೋಗಿದ್ದೆ. ಕೋರಿಕೆಗಳನ್ನು ಕೇಳಿದರು. ಒಬ್ಬರ ಮಂಡಿನೋವು, ಇನ್ನೊಬ್ಬರ ಮೊಮ್ಮಗುವಿನ ಕಿವಿ. ನಾನು ಕೈ ಎತ್ತಿ ‘ಹೇಳದ ಕೋರಿಕೆ’ ಎಂದೆ. ನಮ್ಮಲ್ಲಿ ಹಾಗೆ ಅನ್ನಬಹುದು. ಬಾಯಿಬಿಟ್ಟು ಹೇಳಲಾಗದ್ದಿದ್ದರೆ ಕೈ ಎತ್ತಿದರೆ ಸಾಕು, ಎಲ್ಲರೂ ಸೇರಿ ಪ್ರಾರ್ಥಿಸುತ್ತಾರೆ. ಏನೆಂದು ಯಾರೂ ಕೇಳುವುದಿಲ್ಲ. ಕೇಳುವುದು ಮರ್ಯಾದೆಯಲ್ಲ.

ಯಾರಾದರೊಬ್ಬರು ಇವತ್ತು ಮರ್ಯಾದೆ ಬಿಟ್ಟು ಕೇಳಬಾರದೇ ಅಂದುಕೊಂಡೆ. ಕೇಳಿದ್ದರೆ ಹೇಳುತ್ತಿದ್ದೆನೋ ಇಲ್ಲವೋ.

ಸೆಪ್ಟೆಂಬರ್ 6, ಶುಕ್ರವಾರ

ಲಾವೋನ್ ಬಂದಿದ್ದಳು. ರಾಯ್ಸ್‌ನ ಅಕ್ಕ. ದಿನಸಿ ಚೀಲವೊಂದರ ತುಂಬ ಒರೆಗಳನ್ನು ತಂದು ಅಡಿಗೆಮನೆಯ ಮೇಜಿನ ಮೇಲೆ ಸುರಿದಳು. ಇಲ್ಲಿ ಎಲ್ಲರ ಮನೆಯಲ್ಲೂ ಇಂಥದೊಂದು ಚೀಲವೋ ಡ್ರಾಯರೋ ಇರುತ್ತದೆ — ಕೊಂಡು, ಎರಡು ದಿನ ಹಾಕಿ, ಚುಚ್ಚಿತೆಂದು ಬಿಸಾಡಿದವು.

“ಏನೇ ಟ್ವೈಲಾ, ಈ ವಯಸ್ಸಲ್ಲಿ ಶೆರಿಫ್ ಆಗೋಕೆ ಹೊರಟ್ಯಾ?”

“ತಂತಿ ಕಳ್ಳರು ಬಂದಿದ್ದಾರಂತಲ್ಲ. ಮೋಟಾರ್ ಶೆಡ್ಡುಗಳಲ್ಲಿ ತಾಮ್ರ ಕಿತ್ಕೊಂಡು ಹೋಗ್ತಿದ್ದಾರೆ.”

“ನಿನ್ನ ಹತ್ರ ಕೀಳೋಕೆ ಏನಿದೆ, ಕೋಳಿಪುಕ್ಕನಾ?” ಎಂದು ನಕ್ಕಳು. ಒಂದೊಂದನ್ನೇ ಎತ್ತಿ ತೋರಿಸಿದಳು. “ಇದು ಹೊಕ್ಕಳ ಪಕ್ಕ ಬರತ್ತೆ. ನಿಂತಿದ್ದಾಗ ಸ್ವರ್ಗ. ಕೂತ್ಕೋ, ಆಮೇಲೆ ಹೇಳು. ಇದು ನಡುಬೆನ್ನಿಗೆ. ಕಾರಲ್ಲಿ ಹೋಗೋದಾದ್ರೆ ಬೇಡ, ನನ್ನ ಬೆನ್ನುಮೂಳೆ ಈಗ್ಲೂ ಬೈತಾ ಇದೆ.”

ಒಂದು ಚರ್ಮದ್ದಿತ್ತು. ಮೆತ್ತಗೆ, ಹಳೆಯ ಚಪ್ಪಲಿಯ ಹಾಗೆ. ಅದನ್ನೇ ಎತ್ತಿಕೊಂಡೆ.

“ಬೇಡ, ಬೇಡ! ಪಿಸ್ತೂಲು ತೆಗೆದ ತಕ್ಷಣ ಅದರ ಬಾಯಿ ಮುಚ್ಕೊಳ್ಳತ್ತೆ. ತಿರುಗಿ ಹಾಕೋವಾಗ ಚರ್ಮದ ಮಡಿಕೆ ಟ್ರಿಗರಿಗೆ ಸಿಕ್ತು ಅಂದ್ರೆ ನಿನ್ನ ಸೊಂಟಾನೇ ಹೋಗತ್ತೆ ಕಣೇ. ಬಾಯಿ ಗಟ್ಟಿ ಇರಬೇಕು, ಟ್ರಿಗರ್ ಪೂರ್ತಿ ಮುಚ್ಚಿರಬೇಕು. ಆಮೇಲೆ ದಿನಾ ಕನ್ನಡಿ ಮುಂದೆ ನಿಂತು ತೆಗೆಯೋದು ಅಭ್ಯಾಸ ಮಾಡು. ಒಂದು, ಎರಡು ಅನ್ನೋದ್ರಲ್ಲಿ ಕೈಗೆ ಬಂದಿರಬೇಕು.”

ತಲೆಯಾಡಿಸಿದೆ. ಎಲ್ಲರೂ ಎಷ್ಟು ಬೇಗ ತೆಗೆಯಬಹುದು ಎಂದೇ ನೋಡುತ್ತಾರೆ. ನನಗೆ ಅದನ್ನು ತೆಗೆಯುವ ಕೆಲಸವೇ ಇಲ್ಲ.

ಅವಳಿಗೂ ಹೇಳಲಿಲ್ಲ. ಇಲ್ಲಾದರೂ ಬರೆದಿಡುತ್ತೇನೆ.

ಜುಲೈಯಲ್ಲಿ ಗೋಧಿ ಬರುವ ಕಾಲಕ್ಕೆ ಕಣಜದೊಳಗೆ ಕಾಳು ಹೆಪ್ಪುಗಟ್ಟಿತ್ತು. ಬಿಡಿಸಲೆಂದು ರಾಯ್ಸ್‌ನ ಜೊತೆ ಕೆಲಸ ಮಾಡುವ ಕರ್ಟಿಸ್ ಮೇಲಿನಿಂದ ಒಳಗೆ ಇಳಿದಿದ್ದ. ಇಳಿದದ್ದು ರಾಯ್ಸ್‌ಗೆ ಗೊತ್ತಿರಲಿಲ್ಲ. ಕೆಳಗೆ ಕಾಳು ಸಾಗಿಸುವ ಬೆಲ್ಟಿನ ಸ್ವಿಚ್ ಒತ್ತಿದ. ಗೋಧಿ ಸರಿಯಿತು, ಕರ್ಟಿಸನನ್ನು ಎಳೆದುಕೊಂಡಿತು. ಹೊರಗೆ ತೆಗೆಯುವಷ್ಟರಲ್ಲಿ ಉಸಿರಿರಲಿಲ್ಲ. ಇಪ್ಪತ್ತು ವರ್ಷ ಎದುರುಬದುರು ಕೂತು ಊಟದ ಡಬ್ಬಿ ಬಿಚ್ಚಿದವರು. ವಿಚಾರಣೆಗೆ ಬಂದವರು ರಾಯ್ಸ್‌ನ ತಪ್ಪಿಲ್ಲ ಎಂದರು. ಕರ್ಟಿಸನ ಹೆಂಡತಿಯೂ ಮನೆಗೇ ಬಂದು, ಅವನ ಕೈ ಹಿಡಿದುಕೊಂಡು, ಅದನ್ನೇ ಹೇಳಿದಳು. ಅವಳು ಹೋದ ಮೇಲೆ ಆ ಕೈಯನ್ನು ಸೋಪು ಹಾಕಿ ತೊಳೆದ. ಬಹಳ ಹೊತ್ತು ತೊಳೆದ. ಕೆಲಸಕ್ಕೆ ಮತ್ತೆ ಹೋಗಿಲ್ಲ. ಡಾಕ್ಟರ್ ಮಾತ್ರೆ ಕೊಟ್ಟರು. ಸ್ವಲ್ಪ ದಿನ ನುಂಗಿ ಬಿಟ್ಟ.

ಆಗಸ್ಟಿನಲ್ಲಿ ಒಂದು ಮಧ್ಯಾಹ್ನ ಊಟಕ್ಕೆ ಕರೆಯಲು ಶೆಡ್ಡಿಗೆ ಹೋದೆ. ಬಕೆಟ್ ಬೋರಲು ಹಾಕಿ ಕೂತಿದ್ದ. ತೊಡೆಯ ಮೇಲೆ ಪಿಸ್ತೂಲು.

“ಕ್ಲೀನ್ ಮಾಡ್ತಿದ್ದೆ” ಅಂದ.

ಎಣ್ಣೆ ಇರಲಿಲ್ಲ. ಬಟ್ಟೆ ಇರಲಿಲ್ಲ.

ಬೇಟೆಯ ಬಂದೂಕುಗಳು ಮೊದಲಿನಿಂದಲೂ ಲಾವೋನಳ ಗಂಡನ ಕಬ್ಬಿಣದ ಬೀರುವಿನಲ್ಲಿವೆ. ಮನೆಯಲ್ಲಿದ್ದದ್ದು ಇದೊಂದೇ. ಬಚ್ಚಿಟ್ಟರೆ ಹುಡುಕುತ್ತಾನೆ. ಮಾರಿದರೆ ಊರೆಲ್ಲ ಯಾಕೆ ಎಂದು ಕೇಳುತ್ತದೆ. ಗಂಡಸಿನ ಪಿಸ್ತೂಲನ್ನು ಹೆಂಡತಿ ಕಿತ್ತುಕೊಂಡಳು ಎಂದರೆ ಇಲ್ಲಿ ಅವನು ತಲೆಯೆತ್ತಿ ಕಾಫಿ ಕುಡಿಯಲಾರ. ಹೆಂಗಸು ತನಗೆ ಬೇಕೆಂದು ಕೇಳಿದರೆ ಮಾತ್ರ ಯಾರೂ ಏನೂ ಅನ್ನುವುದಿಲ್ಲ, ಮೆಚ್ಚುತ್ತಾರೆ. ಕೇಳಿದೆ. ಕಳ್ಳರ ಭಯ, ನಾನು ಸೊಂಟಕ್ಕೆ ಹಾಕ್ಕೋತೀನಿ ಎಂದೆ. ನನ್ನ ಮುಖವನ್ನೇ ನೋಡಿದ. ಎದ್ದು ಹೋಗಿ ತಂದುಕೊಟ್ಟ.

ಸುಳ್ಳು ಹೇಳಿದ್ದಕ್ಕೆ ಕ್ಷಮೆ ಕೇಳಿದ್ದೇನೆ. ನಾಳೆಯೂ ಹೇಳುವವಳೇ ಎಂದು ದೇವರಿಗೆ ಗೊತ್ತು.

ಸೆಪ್ಟೆಂಬರ್ 15, ಭಾನುವಾರ

ಲಾವೋನಳ ಚೀಲದ ಗಟ್ಟಿ ಪ್ಲಾಸ್ಟಿಕ್‌ನದ್ದು, ಹೊಕ್ಕಳ ಪಕ್ಕದ್ದು, ಹಾಕಿಕೊಂಡು ಆರಾಧನೆಗೆ ಹೋದೆ. ಹಾಡಿಗೆ ನಿಂತಾಗ ಸರಿ. ಬೆಂಚಿನ ಮೇಲೆ ಕೂತ ಕ್ಷಣ ಅಡಿಯ ತುದಿ ತೊಡೆಸಂದಿಗೆ, ಹಿಡಿ ಹೊಟ್ಟೆಗೆ. ಉಪದೇಶದ ಉದ್ದಕ್ಕೂ ಉಸಿರು ಬಿಗಿಹಿಡಿದೇ ಕೂತಿದ್ದೆ. ಪಾಸ್ಟರ್ ಏನು ಹೇಳಿದರೋ. ಬಾಗಿಲಲ್ಲಿ ಡ್ವೈಟ್ ಕೈಕುಲುಕಿ, “ಸಿಸ್ಟರ್ ಟ್ವೈಲಾ, ಇವತ್ತು ಪವಿತ್ರಾತ್ಮ ನಿಮ್ಮನ್ನ ಚೆನ್ನಾಗಿ ಮುಟ್ಟಿದೆ, ಮುಖ ನೋಡಿದ್ರೇ ಗೊತ್ತಾಗತ್ತೆ” ಅಂದ. ಡ್ವೈಟ್ ನಮ್ಮ ಸಭೆಯ ಹಿರಿಯರಲ್ಲೊಬ್ಬ, ರಾಯ್ಸ್‌ನ ಜೊತೆ ಒಂದೇ ಶಾಲೆಯಲ್ಲಿ ಓದಿದವನು. ಒಳ್ಳೆಯವನು. ನಗು ಬಂತು, ನಗಲಿಕ್ಕೂ ಆಗಲಿಲ್ಲ, ಚುಚ್ಚುತ್ತಿತ್ತು.

ಮನೆಗೆ ಬಂದೊಡನೆ ರಾಯ್ಸ್ ಎಲ್ಲಿದ್ದಾನೆಂದು ನೋಡಿದೆ. ಕಿಟಕಿಯ ಹತ್ತಿರ.

ಸೆಪ್ಟೆಂಬರ್ 17, ಮಂಗಳವಾರ

ಮರ್ಲ್‌ನ ಬಂದೂಕಿನ ಅಂಗಡಿಗೆ ಹೋಗಿದ್ದೆ. ರಾಯ್ಸ್‌ನನ್ನೂ ಪೇಟೆಗೆ ಕರೆದುಕೊಂಡು ಹೋದೆ, ಹಾರ್ಡ್‌ವೇರ್ ಅಂಗಡಿಯಲ್ಲಿ ಬಿಟ್ಟೆ.

“ಯಾವಾಗ ಹಾಕ್ಕೋತೀರಿ ಮೇಡಂ? ಪೇಟೆಗೆ ಬರೋವಾಗಾ?”

“ಎದ್ದಾಗಿಂದ ಮಲಗೋವರೆಗೆ.”

“ಮನೇಲೂನಾ?”

“ಮನೇಲೇ ಹೆಚ್ಚು.”

ಕನ್ನಡಕದ ಮೇಲಿಂದ ನೋಡಿದ. “ಯಾರಾದ್ರೂ ತೊಂದ್ರೆ ಕೊಡ್ತಿದ್ದಾರಾ?”

“ಇಲ್ಲ. ದಿನವಿಡೀ ಹಾಕ್ಕೊಂಡ್ರೂ ನೋಯಬಾರದು. ಅಷ್ಟೇ ಬೇಕಾಗಿರೋದು.”

“ನೋಯಬಾರದು ಅಂದ್ರೆ ಮನೇಲಿ ಬಿಟ್ಟು ಓಡಾಡಿ” ಎಂದು ತಾನೇ ನಕ್ಕ. ನಾನು ನಗಲಿಲ್ಲ. ಆಮೇಲೆ ಕೌಂಟರಿನ ಈಚೆಗೆ ಬಂದು ನನ್ನ ಪ್ಯಾಂಟನ್ನು ನೋಡಿದ. “ಎಲಾಸ್ಟಿಕ್ಕು. ಇದಕ್ಕೆ ದೇವರೇ ಕೂತು ಒರೆ ಮಾಡಿಕೊಟ್ರೂ ನಿಲ್ಲಲ್ಲ.”

ದೇವರನ್ನು ಇದಕ್ಕೆ ಎಳೆದದ್ದು ಹಿಡಿಸಲಿಲ್ಲ. ಆದರೆ ಕೆಲಸ ಬಲ್ಲವನು. ಮೊದಲು ಬೆಲ್ಟು ಅಂದ — ಗಟ್ಟಿಯಾದದ್ದು, ಬಾಗದಂಥದ್ದು. ಪ್ಯಾಂಟು ಒಂದು ಅಳತೆ ದೊಡ್ಡದು. ಒರೆ ಬಲಗಡೆ, ಸೊಂಟದ ಮೂಳೆ ದಾಟಿ ಸ್ವಲ್ಪ ಹಿಂದಕ್ಕೆ. ಗಿಡ್ಡದ್ದು ಆರಾಮ ಅಂತ ಕಾಣುತ್ತದೆ, ಆದರೆ ಗಿಡ್ಡದ್ದು ವಾಲಿ ಹಿಡಿ ಹೊರಗೆ ಬರುತ್ತದೆ, ಉದ್ದದ್ದೇ ಒಳ್ಳೆಯದು ಅಂದ. ಮೈಗೆ ತಾಗುವ ಕಡೆ ಚರ್ಮ, ಹೊರಗಡೆ ಗಟ್ಟಿ ಪ್ಲಾಸ್ಟಿಕ್. ಅಂಗಡಿಯ ನಡುವೆ ನನ್ನನ್ನು ಸ್ಟೂಲಿನ ಮೇಲೆ ಕೂರಿಸಿದ, ಏಳಿಸಿದ, ಬಗ್ಗಿಸಿದ, ಮತ್ತೆ ಕೂರಿಸಿದ.

“ಹೇಗಿದೆ?”

“ಒಂದು ಕಡೆ ಒತ್ತತ್ತೆ. ಮೂಳೆ ಹತ್ರ.”

“ಒಂದೆರಡು ವಾರಕ್ಕೆ ಒಗ್ಗತ್ತೆ. ಒಗ್ಗದಿದ್ರೆ ವಾಪಸ್ ತನ್ನಿ.”

ಕೊಂಡುಕೊಂಡೆ. ರಾಯ್ಸ್ ಹಾರ್ಡ್‌ವೇರ್ ಅಂಗಡಿಯ ಹೊರಗೆ, ಟ್ರಕ್ಕಿನ ಹತ್ತಿರವೇ ನಿಂತಿದ್ದ. ಒಳಗೆ ಹೋಗೇ ಇರಲಿಲ್ಲ. ಒಳಗೆ ಸೊಸೈಟಿಯವರು ಯಾರೋ ಇದ್ದರಂತೆ.

ಸೆಪ್ಟೆಂಬರ್ 23, ಸೋಮವಾರ

ಒಗ್ಗಲಿಲ್ಲ. ಮೂಳೆಯ ಮೇಲೆ ಚರ್ಮ ಸುಲಿದಿದೆ, ಸುತ್ತ ನೀಲಿ. ಇವತ್ತು ಒಗೆಯುವ ದಿನ. ಒದ್ದೆ ಬಟ್ಟೆಯ ಬುಟ್ಟಿ ಎತ್ತಿ ಸೊಂಟಕ್ಕಾನಿಸಿಕೊಂಡೆ ನೋಡು, ಕಣ್ಣಲ್ಲಿ ನೀರು ಬಂತು. ಬಟ್ಟೆ ಒಣಹಾಕಿ ಬರುವಷ್ಟು ಹೊತ್ತು ತಾನೇ ಎಂದು ಪಿಸ್ತೂಲನ್ನು ಒರೆ ಸಮೇತ ಬಿಚ್ಚಿ ವಾಷಿಂಗ್ ಮೆಷಿನ್ನಿನ ಮೇಲಿಟ್ಟು, ಮೇಲೆ ಟವೆಲು ಮುಚ್ಚಿ ಹೊರಗೆ ಹೋದೆ. ಅವನು ಮಲಗಿದ್ದ.

ಕೊನೆಯ ಬೆಡ್‌ಶೀಟಿಗೆ ಕ್ಲಿಪ್ಪು ಹಾಕುವಾಗ ಏನೋ ಅನ್ನಿಸಿತು. ಬುಟ್ಟಿ ಅಲ್ಲೇ ಬಿಟ್ಟು ಓಡಿದೆ.

ಒಗೆಯುವ ಕೋಣೆಯಲ್ಲಿ ನಿಂತಿದ್ದ. ಬರಿಗಾಲು. ಟವೆಲು ಮಡಚಿ ಪಕ್ಕಕ್ಕಿಟ್ಟಿತ್ತು. ಪಿಸ್ತೂಲನ್ನು ಮುಟ್ಟಿರಲಿಲ್ಲ. ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನೋಡುತ್ತಿದ್ದ.

“ಒಗೆಯೋದು ಆಯ್ತಾ?” ಅಂದ.

“ಆಯ್ತು.”

ನಾನು ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡೆ. ಸಿಕ್ಕಿಸುವಾಗ ಅಂಗಿ ಮೇಲೆ ಸರಿದು ಗಾಯ ಕಂಡಿತು ಅವನಿಗೆ. ಅದನ್ನೂ ನೋಡಿದ. ಹೋಗಿ ಮಲಗಿದ.

ಕರ್ತನೇ, ಅವನ ಕೈಗಳನ್ನು ಹಿಂದೆ ಕಟ್ಟಿಸಿದವನು ನೀನೇ. ಸ್ತೋತ್ರ.

ಸೆಪ್ಟೆಂಬರ್ 24, ಮಂಗಳವಾರ

ಬೆಳಿಗ್ಗೆ ನಾನು ಏಳುವಷ್ಟರಲ್ಲಿ ಅವನು ಎದ್ದಿದ್ದ. ಅಡಿಗೆಮನೆಯ ಮೇಜಿನ ಮೇಲೆ ನನ್ನ ಹೇರ್ ಡ್ರೈಯರ್, ಉಪ್ಪುಕಾಗದ, ಅಂಟು, ಹಳೆಯ ಕುರಿತುಪ್ಪಳದ ಕಾರ್ ಸೀಟಿನ ಹೊದಿಕೆಯಿಂದ ಕತ್ತರಿಸಿದ ಒಂದು ತುಂಡು. ಜುಲೈ ಆದ ಮೇಲೆ ಅವನ ಕೈಯಲ್ಲಿ ಹತಾರ ನೋಡಿದ್ದು ಇದೇ ಮೊದಲು.

“ಅದನ್ನ ಕೊಡು ಇಲ್ಲಿ” ಅಂದ, ಕೈ ಚಾಚಿದ.

ಕೊಡಲಿಲ್ಲ ನಾನು. ಸೊಂಟದ ಮೇಲೆ ಕೈ ಇಟ್ಟುಕೊಂಡು ನಿಂತೇ ಇದ್ದೆ. ಒಲೆಯ ಮೇಲೆ ಕಾಫಿ ಉಕ್ಕಿತು.

“ಪಿಸ್ತೂಲು ನಿನ್ ಹತ್ರಾನೇ ಇರ್ಲಿ ಕಣೇ” ಅಂದ, ನನ್ನ ಮುಖ ನೋಡದೆ. “ಒರೆ ಮಾತ್ರ ಕೊಡು.”

ಮಲಗುವ ಕೋಣೆಗೆ ಹೋಗಿ, ಪಿಸ್ತೂಲು ತೆಗೆದು ಏಪ್ರನ್ನಿನ ಜೇಬಿಗೆ ಹಾಕಿಕೊಂಡು, ಒರೆ ತಂದುಕೊಟ್ಟೆ.

ಡ್ರೈಯರಿನ ಬಿಸಿಗೆ ಪ್ಲಾಸ್ಟಿಕ್ ಮೆತ್ತಗಾಗುವವರೆಗೆ ಹಿಡಿದ. ಮೂಳೆಗೆ ಒತ್ತುವ ಅಂಚನ್ನು ಚಮಚದ ಹಿಂಬದಿಯಿಂದ ಹೊರಕ್ಕೆ ಬಾಗಿಸಿದ. ಆರಿಸಿದ. ಉಪ್ಪುಕಾಗದದಿಂದ ಮೂಲೆ ಉಜ್ಜಿದ. ಬೆರಳಲ್ಲಿ ಮುಟ್ಟಿ ನೋಡಿದ, ತನ್ನ ಕೆನ್ನೆಗೆ ಒತ್ತಿ ನೋಡಿದ, ಮತ್ತೆ ಉಜ್ಜಿದ. ಕೆಳಭಾಗದಲ್ಲಿ ಕುರಿತುಪ್ಪಳ ಅಂಟಿಸಿದ. ನಾನು ಕಸೂತಿ ಹಾಕುವಾಗ ಬೈಯುತ್ತಿದ್ದ, ಕಣ್ಣು ಹಾಳುಮಾಡ್ಕೋತೀಯ ಅಂತ. ಈಗ ಅವನೇ ಅಷ್ಟು ಹತ್ತಿರ ಬಗ್ಗಿದ್ದ.

“ಹಾಕ್ಕೊಂಡು ನೋಡು.”

ಹಾಕಿಕೊಂಡೆ. ಕೂತೆ. ಎದ್ದೆ. ಬಗ್ಗಿದೆ.

“ಒತ್ತತ್ತಾ?”

“ಇಲ್ಲ.”

“ಹಾಗಾದ್ರೆ ಬಿಚ್ಚೋದು ಬೇಕಾಗಲ್ಲ ನಿಂಗೆ.”

ಅಷ್ಟೇ ಅಂದ. ನಾನು ಬಚ್ಚಲುಮನೆಗೆ ಹೋಗಿ, ನಲ್ಲಿ ಬಿಟ್ಟು ಅತ್ತೆ. ಗೊತ್ತಿದೆ ಅವನಿಗೆ. ಮೊದಲ ದಿನದಿಂದಲೂ ಗೊತ್ತಿದೆ.

ಆ ಹೊತ್ತಿನಲ್ಲಿ ಹೊರಗೆ ಬಂದು ಹೇಳಬಹುದಿತ್ತು. ಇಬ್ಬರೂ ಹೇಳಬಹುದಿತ್ತು. ಊಟಕ್ಕೆ ಏನು ಮಾಡಲಿ ಎಂದು ಕೇಳಿದೆ. ಬೀನ್ಸ್ ಸೂಪು ಅಂದ.

ಅಕ್ಟೋಬರ್ 9, ಬುಧವಾರ

ಬಹಳ ದಿನ ಬರೆಯಲಿಲ್ಲ. ಬರೆಯುವಂಥದ್ದು ಇರಲಿಲ್ಲ, ಅದೇ ಸಮಾಧಾನ. ಒರೆ ಮೈಗೆ ಹೊಂದಿಕೊಂಡಿದೆ. ನಿನ್ನೆ ಟೊಮೇಟೊ ಬಾಟಲಿಗೆ ತುಂಬುತ್ತ ಇಡೀ ದಿನ ನಿಂತೆ, ಇದೆ ಎಂಬುದೇ ಮರೆತಿತ್ತು. ಮಲಗುವಾಗ ದಿಂಬಿನ ಚೀಲದೊಳಗೆ, ಗೋಡೆಯ ಕಡೆಗೆ. ಬೆಳಿಗ್ಗೆ ಎದ್ದೊಡನೆ ಸೊಂಟಕ್ಕೆ. ನಾನು ಹಾಕಿಕೊಳ್ಳುವಾಗ ಅವನು ಬೇರೆ ಕಡೆ ನೋಡುತ್ತಾನೆ. ಗಾಯ ಮಾಗಿದೆ.

ಸೇಬಿನ ಪೈ ಮಾಡಿದ್ದೆ. ಎರಡು ತುಂಡು ತಿಂದ.

ಮಧ್ಯಾಹ್ನ ಡ್ವೈಟ್ ಬಂದಿದ್ದ. ಜೋಳದ ಕೊಯ್ಲು ಶುರುವಾಗಿದೆಯಂತೆ. ರಾಯ್ಸ್‌ನನ್ನು ಮಾತಿಗೆಳೆಯಲು ನೋಡಿದ.

“ಏನಯ್ಯಾ, ಹೆಂಡ್ತಿ ಸೊಂಟದಲ್ಲಿ ಪಿಸ್ತೂಲು, ನೀನು ಬರಿಗೈಲಿ! ಮನೇಲಿ ಯಜಮಾನರು ಯಾರು ಅಂತ ಕೇಳಲೇಬೇಕಾಗಿಲ್ಲ.”

“ನಿಮ್ಮನೇಲಿ ಕೇಳ್ಬೇಕಾ?” ಅಂದ ರಾಯ್ಸ್.

ಡ್ವೈಟ್ ಮೇಜು ಕುಟ್ಟಿ ನಕ್ಕ. ರಾಯ್ಸ್‌ಗೂ ತುಟಿಯಂಚು ಒಂದಿಷ್ಟು ಎದ್ದಿತು. ಎಷ್ಟು ದಿನವಾಗಿತ್ತು. ಡ್ವೈಟ್‌ಗೆ ಇನ್ನೊಂದು ಪೈ ತುಂಡು ಹಾಕಿಕೊಟ್ಟೆ.

ಹೋಗುವಾಗ ಮೆಟ್ಟಿಲ ಹತ್ತಿರ ನನ್ನನ್ನು ನಿಲ್ಲಿಸಿ, “ಸಿಸ್ಟರ್, ಅವನಿಗೆ ಒಂದು ಜವಾಬ್ದಾರಿ ಬೇಕು. ತಾನು ಯಾರಿಗೂ ಬೇಡ ಅಂದ್ಕೊಂಡುಬಿಟ್ಟಿದ್ದಾನೆ. ನಾವು ಅವನನ್ನ ಕೈಬಿಡಲ್ಲ” ಅಂದ. ಕಣ್ಣು ತುಂಬಿ ಬಂತು ನನಗೆ. ದೇವರು ನಿಮ್ಮನ್ನ ಚೆನ್ನಾಗಿಟ್ಟಿರಲಿ ಡ್ವೈಟ್ ಅಂದೆ.

ಅಕ್ಟೋಬರ್ 20, ಭಾನುವಾರ

ರಾಯ್ಸ್ ಆರಾಧನೆಗೆ ಬಂದ. ತಾನಾಗಿಯೇ ಕೋಟು ಹಾಕಿಕೊಂಡು ಬಂದ. ಎಷ್ಟು ಸಂತೋಷದಿಂದ ಹೋದೆವು.

ಕೊನೆಯ ಹಾಡಾದ ಮೇಲೆ ಡ್ವೈಟ್ ಮುಂದೆ ಹೋಗಿ ನಿಂತ. ನಮ್ಮಲ್ಲಿ ಆರಾಧನೆಯ ಹೊತ್ತಿಗೆ ಬಾಗಿಲ ಹತ್ತಿರ ಇಬ್ಬರು ಮೂವರು ಗಂಡಸರು ನಿಲ್ಲುತ್ತಾರೆ, ಕೋಟಿನೊಳಗೆ ಪಿಸ್ತೂಲು ಇಟ್ಟುಕೊಂಡು, ಕಾವಲಿಗೆ. ಆ ತಂಡಕ್ಕೆ ಹೊಸಬರನ್ನು ಸೇರಿಸಿಕೊಳ್ಳುತ್ತಿದ್ದೇವೆ ಎಂದ. ರಾಯ್ಸ್‌ನ ಹೆಸರು ಕೂಗಿದ.

“ಇವನ ಪಿಸ್ತೂಲನ್ನ ಇವನ ಹೆಂಡತಿ ವಶಪಡಿಸ್ಕೊಂಡಿದ್ದಾಳೆ, ಎಲ್ಲರಿಗೂ ಗೊತ್ತು” ಅಂದ. ಎಲ್ಲರೂ ನಕ್ಕರು. “ಕಾವಲುಗಾರ ಬರಿಗೈಲಿ ನಿಲ್ಲೋಕಾಗತ್ತಾ? ಅದಕ್ಕೆ ಗಂಡಸರೆಲ್ಲ ಸೇರ್ಕೊಂಡು...”

ಕಪ್ಪು ಪೆಟ್ಟಿಗೆ. ಒಳಗೆ ಹೊಸ ಪಿಸ್ತೂಲು. ಮೇಲೆ ನೀಲಿ ರಿಬ್ಬನ್. ಜೊತೆಗೆ ಗುಂಡಿನ ಡಬ್ಬಿ. ಜೊತೆಗೆ ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಒಂದು ಒರೆ, ಒಳ್ಳೆಯದು, ಮರ್ಲ್ ಹುಡುಕಿಕೊಟ್ಟದ್ದಂತೆ.

ಎಲ್ಲರೂ ಎದ್ದು ಚಪ್ಪಾಳೆ ತಟ್ಟಿದರು. ಲಾವೋನ್ ಅಳುತ್ತಿದ್ದಳು, ತಮ್ಮನನ್ನು ಊರು ಮರೆತಿಲ್ಲವೆಂದು. ಡ್ವೈಟ್ ಅಪ್ಪಿಕೊಂಡು, ಎಲ್ಲರಿಗೂ ಕೇಳುವ ಹಾಗೆ, “ನಮ್ಮ ಮಕ್ಕಳ ಜೀವಾನ ನಿನ್ ಕೈಲಿಡ್ತಿದ್ದೀವಿ ಕಣಯ್ಯಾ, ಅಷ್ಟು ನಂಬಿಕೆ ನಮಗೆ” ಅಂದ. ರಾಯ್ಸ್ ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತಿದ್ದ. ಮುಖದಲ್ಲಿ ರಕ್ತವಿರಲಿಲ್ಲ. ಸಂಕೋಚ ಎಂದುಕೊಂಡರು ಎಲ್ಲ.

ನಾನೂ ಚಪ್ಪಾಳೆ ತಟ್ಟಿದೆ. ಈ ಕೈಗಳಿಂದಲೇ.

ಮನೆಗೆ ಬರುವಾಗ ಪೆಟ್ಟಿಗೆ ನನ್ನ ತೊಡೆಯ ಮೇಲಿತ್ತು. ಬಂದ ಮೇಲೆ “ಇದೂ ನನ್ ಹತ್ರಾನೇ ಇರ್ಲಿ” ಎಂದೆ. “ಎರಡೆರಡು ಹೊತ್ಕೊಂಡು ಎಷ್ಟು ದಿನ ಓಡಾಡ್ತೀಯ?” ಅಂದ. “ಆಗುವಷ್ಟು ದಿನ” ಅಂದೆ. ಪೆಟ್ಟಿಗೆಯನ್ನು ಹಾಸಿಗೆಯಲ್ಲಿ ನನ್ನ ಮಗ್ಗುಲಿಗೇ ಇಟ್ಟುಕೊಂಡಿದ್ದೇನೆ. ಬರೆಯುತ್ತಿರುವುದೂ ಅದರ ಮೇಲೆಯೇ.

ಅಕ್ಟೋಬರ್ 21, ಸೋಮವಾರ

ಪೆಟ್ಟಿಗೆಯನ್ನು ಸೊಂಟಕ್ಕೆ ಕಟ್ಟಿಕೊಳ್ಳಲಾಗುವುದಿಲ್ಲ. ಹೋದಲ್ಲೆಲ್ಲ ಹೊತ್ತುಕೊಂಡು ಹೋದೆ, ಕೋಳಿಮನೆಗೂ. ಗುಂಡುಗಳನ್ನು ಹಿಟ್ಟಿನ ಡಬ್ಬಿಯಲ್ಲಿ ಹೂತಿಟ್ಟೆ.

ಮಧ್ಯಾಹ್ನ ಹೇಳಿದೆ: “ನಾನು ಇದನ್ನ ಡ್ವೈಟ್‌ಗೆ ವಾಪಸ್ ಕೊಟ್ಟುಬರ್ತೀನಿ.”

“ಏನಂತ ಹೇಳ್ತೀಯ?”

ಪೆಟ್ಟಿಗೆಯನ್ನು ಇನ್ನೊಂದು ಕಂಕುಳಿಗೆ ಬದಲಿಸಿಕೊಂಡೆ.

“ನೀನು ಕೊಟ್ರೆ ಯಾಕೆ ಅಂತ ಊರೆಲ್ಲ ಕೇಳತ್ತೆ. ನಾನೇ ಕೊಡ್ತೀನಿ. ಬಾಗಿಲಲ್ಲಿ ನಿಲ್ಲೋಕೆ ಕಾಲು ನೋವು ಅಂತೀನಿ. ಬೇರೆ ಯಾರಿಗಾದ್ರೂ ಕೊಡು ಅಂತೀನಿ. ಅಷ್ಟಾದ್ರೂ ನನಗೆ ಬಿಡು ಟ್ವೈಲಾ.”

ನಾಳೆ ನೋಡೋಣ ಎಂದೆ. ಮಂಡಿಯೂರಿ ಬಹಳ ಹೊತ್ತು ದೇವರನ್ನು ಕೇಳಿದೆ. ಉತ್ತರ ಬಂದಂತೆ ಅನ್ನಿಸಿತು. ನನಗೆ ಬೇಕಾದ ಉತ್ತರವನ್ನೇ ಕೇಳಿಸಿಕೊಂಡೆನೋ ಏನೋ.

ಅಕ್ಟೋಬರ್ 22, ಮಂಗಳವಾರ. 10.30

ಹೋದ.

ಬೆಳಿಗ್ಗೆ ಗಡ್ಡ ಮಾಡಿಕೊಂಡಿದ್ದ. ಭಾನುವಾರದ ಬಿಳಿ ಅಂಗಿ ಹಾಕಿಕೊಂಡು ಅಡಿಗೆಮನೆಗೆ ಬಂದ. ಮೊಟ್ಟೆ ಪೂರ್ತಿ ತಿಂದ. “ನಾನು ಹೋಗ್ಬರ್ತೀನಿ” ಅಂದ. ಜುಲೈ ಆದ ಮೇಲೆ ‘ನಾನು ಮಾಡ್ತೀನಿ, ಹೋಗ್ತೀನಿ’ ಎಂಬ ಮಾತು ಅವನ ಬಾಯಲ್ಲಿ ಬಂದಿರಲಿಲ್ಲ. ಪ್ರಾರ್ಥನೆ ಫಲಿಸಿತು ಅಂದುಕೊಂಡೆ.

“ನಾನೂ ಬರ್ತೀನಿ” ಅಂದೆ.

“ಬೇಡ. ಹೆಂಡ್ತೀನ ಕರ್ಕೊಂಡು ಬಂದ ಅಂತಾನೆ ಅವನು.”

ಪೆಟ್ಟಿಗೆ ಕೊಟ್ಟೆ. ತೂಗಿ ನೋಡಿದ. “ಗುಂಡಿನ ಡಬ್ಬಿನೂ ಕೊಡು. ಅರ್ಧ ಕೊಟ್ಟು ಅರ್ಧ ಇಟ್ಕೊಂಡ್ರೆ ಚೆನ್ನಾಗಿರಲ್ಲ.”

ನಿಂತೆ. ಕೊಡುವುದಿಲ್ಲ ಎಂದರೆ ಯಾಕೆ ಎಂದು ಹೇಳಬೇಕಾಗುತ್ತಿತ್ತು. ಹೇಳಿದರೆ ಆ ಮಾತು ನಮ್ಮಿಬ್ಬರ ನಡುವೆ ಮೇಜಿನ ಮೇಲೆ ಬಂದು ಕೂರುತ್ತಿತ್ತು. ಅವನು ನನ್ನನ್ನೇ ನೋಡುತ್ತಿದ್ದ. ಹೇಳಲಿ ಎಂದು ಕಾಯುತ್ತಿದ್ದನೋ. ಈಗ ಹಾಗನ್ನಿಸುತ್ತದೆ.

ಹೇಳಲಿಲ್ಲ. ಹಿಟ್ಟು ಒರೆಸಿ ಡಬ್ಬಿ ಕೊಟ್ಟೆ. ನನ್ನ ಹಣೆಗೆ ಮುತ್ತಿಟ್ಟು ಹೋದ.

11.15

ಡ್ವೈಟ್‌ನ ಮನೆ ಹತ್ತು ನಿಮಿಷದ ದಾರಿ. ಇಬ್ಬರೂ ಕಾಫಿಗೆ ಕೂತಿರಬಹುದು. ಡ್ವೈಟ್ ಮಾತು ಶುರುಮಾಡಿದರೆ ಬಿಡುವುದಿಲ್ಲ.

ಮಂಗಳವಾರ ಭಾನುವಾರದ ಅಂಗಿ ಯಾಕೆ.

11.40

ಫೋನ್ ಮಾಡಿದೆ. ಡ್ವೈಟ್ ಎತ್ತಿದ. ಹಿಂದೆ ಟ್ರ್ಯಾಕ್ಟರಿನ ಸದ್ದು.

“ರಾಯ್ಸಾ? ಇಲ್ವಲ್ಲ ಸಿಸ್ಟರ್. ಬರ್ತೀನಿ ಅಂದಿದ್ನಾ?”

ಹೇಳಿದೆ. ಮುಚ್ಚುಮರೆಯಿಲ್ಲದೆ. ಅವನು ತನ್ನ ಜೀವ ತೆಗೆದುಕೊಳ್ಳಬಹುದು ಎಂಬ ಭಯದಿಂದ ಆಗಸ್ಟಿನಿಂದ ನಾನು ಆ ಪಿಸ್ತೂಲನ್ನು ಮೈಮೇಲೆ ಹೊತ್ತಿದ್ದೇನೆ, ಕಳ್ಳರ ಭಯದಿಂದಲ್ಲ, ಈಗ ನೀವು ಕೊಟ್ಟದ್ದು ಅವನ ಕೈಯಲ್ಲಿದೆ, ನಾನೇ ಕೊಟ್ಟೆ ಎಂದು. ಒಂದೇ ಉಸಿರಿಗೆ ಬಂತು. ಹೇಳುವುದು ಇಷ್ಟು ಸುಲಭವಿತ್ತು.

ಟ್ರ್ಯಾಕ್ಟರಿನ ಸದ್ದು ನಿಂತಿತು.

“ಅಯ್ಯೋ ದೇವರೇ” ಅಂದ ಡ್ವೈಟ್. “ರಿಬ್ಬನ್ ಕಟ್ಟಿ ಕೊಟ್ನಲ್ಲಾ ನಾನು.” ಆಮೇಲೆ, “ಎಲ್ಲಿಗೆ ಹೋಗಿರ್ತಾನೆ?”

“ಕಣಜ” ಅಂದೆ. ಯೋಚಿಸಬೇಕಾಗಲಿಲ್ಲ.

“ನಾನು ಹೊರಟೆ. ಶೆರಿಫ್‌ಗೂ ಹೇಳ್ತೀನಿ. ನೀನು ಮನೇಲೇ ಇರು, ಟ್ವೈಲಾ. ಅವನು ಬಂದ್ರೆ ಮನೇಲಿ ಯಾರಾದ್ರೂ ಇರಬೇಕು. ಕೇಳಿಸ್ತಾ? ಮನೇಲೇ ಇರು.”

ಸಿಸ್ಟರ್ ಅನ್ನಲಿಲ್ಲ. ಹೆಸರು ಹಿಡಿದು ಕರೆದ.

12.05

ಅವನ ಫೋನಿಗೆ ಮಾಡಿದೆ, ಅದು ಮಲಗುವ ಕೋಣೆಯಲ್ಲಿ ಬಾರಿಸಿತು. ಬಿಟ್ಟು ಹೋಗಿದ್ದಾನೆ.

ಕೈ ಸುಮ್ಮನಿರುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಪ್ರಾರ್ಥನೆಗೆ ಮಾತು ಸಿಕ್ಕುತ್ತಿಲ್ಲ. ಅವನ ಕುರ್ಚಿಯಲ್ಲಿ, ಕಿಟಕಿಯ ಹತ್ತಿರ ಕೂತಿದ್ದೇನೆ. ಒರೆ ಒಂದಿಷ್ಟೂ ನೋಯುತ್ತಿಲ್ಲ. ಎಷ್ಟು ನಾಜೂಕಾಗಿ ಉಜ್ಜಿದ್ದಾನೆ. ಸ್ವಲ್ಪವಾದರೂ ಚುಚ್ಚಬಾರದೇ.

12.20

ಪೇಟೆಯ ಕಡೆಯಿಂದ ಮಣ್ಣುರಸ್ತೆಯಲ್ಲಿ ಧೂಳು ಎದ್ದಿದೆ. ಒಂದು ಗಾಡಿಯ ಧೂಳಲ್ಲ. ಎರಡು, ಒಂದರ ಹಿಂದೆ ಒಂದು. ವೇಗವಾಗಿ ಬರುತ್ತಿಲ್ಲ. ನಿಧಾನ ಯಾಕೆ...

ಹಿಂದಿನದು ಡ್ವೈಟ್‌ನ ಕೆಂಪು ಗಾಡಿ. ಮುಂದಿನದು ನಮ್ಮ ಟ್ರಕ್ಕೇ. ಗಾಜಿನ ಮೇಲೆ ಬಿಸಿಲು ಬಿದ್ದು ಹೊಳೆಯುತ್ತಿದೆ, ಒಳಗೆ ಯಾರಿದ್ದಾರೆಂದು ಕಾಣುತ್ತಿಲ್ಲ. ತಿರುವು ಬಂತು. ಈಗ ಬಿಸಿಲು ಈ ಕಡೆ ಸರಿಯುತ್ತದೆ. ಸ್ಟೀರಿಂಗ್ ಹತ್ತಿರ ಬಿಳಿ ಅಂಗಿ, ಭಾನುವಾರದ್ದು.